ಪಿಕ್ಚರ್ ನೋಡು ಮಾರಾಯ, ಪೂರ್ತಿ ನೋಡು

ನಿನ್ನ ಸ್ಟೇಟಸ್ ನೋಡಿದೆ. ಶಿವಣ್ಣ ಲಾಂಗು ಹಿಡಿದು ನಡೆದು ಬರುತ್ತಾರೆ, ಹಿಂದೆ ಎದೆ ಗುದ್ದುವ ಸಂಗೀತ, ಕೆಳಗೆ ನಿನ್ನ ಹೆಸರು, ಹೆಸರಿನ ಪಕ್ಕದಲ್ಲಿ ‘ಡಾನ್’ ಅಂತ ಬೇರೆ. ಶಿವಣ್ಣನ ಕೈಗೆ ಲಾಂಗು ಒಪ್ಪುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಿನ್ನ ಹೆಸರಿಗೆ ‘ಡಾನ್’ ಒಪ್ಪುವುದಿಲ್ಲ. ಅಡಿಕೆ ಕೊನೆ ಕೊಯ್ಲಿನ ದಿನವೂ ಎಂಟು ಗಂಟೆಯವರೆಗೆ ಕಂಬಳಿ ಬಿಡದವನು, ಅಮ್ಮ ಮೂರನೇ ಸಲ ಕೂಗಿದರೆ ಹೆದರಿ ಎದ್ದು ಕೂರುವವನು, ಯಾವ ಸೀಮೆಯ ಡಾನ್ ಮಾರಾಯ?

ಮುಖ ಊದಿಸಿಕೊಳ್ಳಬೇಡ. ಬೈಯಲಿಕ್ಕೆ ಕೂತಿಲ್ಲ ನಾನು. ಗೆಳೆಯನ ಮನೆಯಲ್ಲಿ ಕಷ್ಟ ಅಂದರೆ ಅರ್ಧರಾತ್ರಿ ಬೈಕ್ ಹತ್ತಿ ಹೋಗುವ ಹುಡುಗ ನೀನು. ಯಾರಿಗಾದರೂ ಅನ್ಯಾಯವಾದರೆ ನಿನಗೆ ನಿದ್ದೆ ಬರುವುದಿಲ್ಲ. ಇಂಥ ಗುಣ ಎಲ್ಲರಿಗೂ ಇರುವುದಿಲ್ಲ. ನಿನಗಿರುವ ಒಂದೇ ರೋಗ ಅವಸರ. ಊಟಕ್ಕೂ ಅವಸರ, ಸಿಟ್ಟಿಗೂ ಅವಸರ, ಸಿನಿಮಾ ನೋಡುವುದಕ್ಕೂ ಅವಸರ. ಎರಡೂವರೆ ಗಂಟೆಯ ಚಿತ್ರವನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ ನುಂಗುತ್ತೀಯ. ಹಸಿ ಅಡಿಕೆ ತಿಂದವನ ತಲೆ ತಿರುಗಿದ ಹಾಗೆ ನಿನ್ನ ತಲೆ ತಿರುಗುತ್ತಿದೆ. ಆ ಬಗ್ಗೆ ಎರಡು ಮಾತು ಹೇಳಬೇಕು, ಕೇಳು.

ಸಿನಿಮಾ ನೋಡಿ ಹುಡುಗರು ಕೆಟ್ಟರು ಅನ್ನುವ ಹಿರಿಯರ ಸಾಲಿನಲ್ಲಿ ನಾನಿಲ್ಲ. ಸಾಗರದ ಕಡೆಯವರು ಹಾಗೆ ಹೇಳಬಾರದು ಕೂಡ. ನಮ್ಮ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಹುಟ್ಟಿತು. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. ಮುಂದೆ ಅದಕ್ಕೆ ಚಿತ್ರಸಮಾಜವೂ ಸೇರಿತು. ಹಗಲು ತೋಟದಲ್ಲಿ ದುಡಿದವರು ಸಂಜೆ ಕೈಕಾಲು ತೊಳೆದು ಬಂದು ಸತ್ಯಜಿತ್ ರಾಯ್ ಚಿತ್ರ ನೋಡಿದರು, ಕುರೊಸಾವಾ ಚಿತ್ರ ನೋಡಿದರು. ಭಾಷೆ ಬಾರದಿದ್ದರೂ ಕೊನೆಯವರೆಗೆ ಕೂತರು. ಆಮೇಲೆ ಅದು ಯಾಕೆ ಹಾಗಾಯಿತು, ಇವನು ಯಾಕೆ ಹೀಗೆ ಮಾಡಿದ ಅಂತ ವಾದ ಮಾಡಿದರು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದುರ್ ಈ ಹಳ್ಳಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನೋಡುವುದನ್ನೂ ಕಲಿಯಬೇಕು ಅಂತ ಅರಿತ ಸೀಮೆಯಲ್ಲಿ ಹುಟ್ಟಿದವನು ನೀನು. ಆದ್ದರಿಂದ ನೋಡಬೇಡ ಅನ್ನುವುದಿಲ್ಲ, ಸರಿಯಾಗಿ ನೋಡು ಅನ್ನುತ್ತೇನೆ.

ನಿನ್ನ ಸ್ಟೇಟಸ್ಸಿನ ಆ ಚಿತ್ರದಿಂದಲೇ ಶುರು ಮಾಡೋಣ. ‘ಓಂ’ ಬಂದದ್ದು 1995ರ ಮೇ 19ಕ್ಕೆ. ನೀನು ಹುಟ್ಟಿರಲಿಲ್ಲ. ಉಪೇಂದ್ರ ಬರೆದು ನಿರ್ದೇಶಿಸಿದರು, ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಿಸಿದರು, ಹಂಸಲೇಖ ಸಂಗೀತ, ಬಿ.ಸಿ. ಗೌರಿಶಂಕರ್ ಛಾಯಾಗ್ರಹಣ. ಅಲ್ಲಿಯವರೆಗೆ ನಮ್ಮ ಚಿತ್ರಗಳ ರೌಡಿ ಅಂದರೆ ಪಟ್ಟೆ ಬನಿಯನ್, ಕೆನ್ನೆಗೊಂದು ಮಚ್ಚೆ, ಜೋರು ನಗು. ಉಪೇಂದ್ರ ಬೆಂಗಳೂರಿನ ಭೂಗತ ಲೋಕದ ಅಸಲಿ ಮಂದಿಯನ್ನೇ ಕರೆತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಬೀದಿಯ ಭಾಷೆ, ಬೀದಿಯ ಧೂಳು, ಬೀದಿಯ ಭಯ ಮೂರೂ ತೆರೆಯ ಮೇಲೆ ಬಂದವು. ಜನ ಬೆಚ್ಚಿಬಿದ್ದರು. ಶಿವರಾಜ್‌ಕುಮಾರ್ ಅವರಿಗೂ ಪ್ರೇಮಾ ಅವರಿಗೂ ರಾಜ್ಯ ಪ್ರಶಸ್ತಿ ಬಂತು. ತೆಲುಗಿನಲ್ಲಿ 1997ರಲ್ಲಿ ‘ಓಂಕಾರಂ’ ಆಯಿತು, ಹಿಂದಿಯಲ್ಲಿ 1999ರಲ್ಲಿ ‘ಅರ್ಜುನ್ ಪಂಡಿತ್’ ಆಯಿತು. 500ಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿದೆ ಅಂತ ಗಾಂಧಿನಗರದವರು ಲೆಕ್ಕ ಹೇಳುತ್ತಾರೆ. ಬೇರೆ ಚಿತ್ರ ಓಡದಿದ್ದರೆ ‘ಓಂ’ ಹಾಕು ಅನ್ನುವಷ್ಟು ನಂಬಿಕೆ ಚಿತ್ರಮಂದಿರದವರಿಗೆ.

ಈಗ ಹೇಳು, ಆ ಚಿತ್ರದ ಕಥೆ ಏನು? ತಡವರಿಸಬೇಡ. ನಿನಗೆ ಗೊತ್ತಿರುವುದು ಲಾಂಗು ಬೀಸುವ ಜಾಗ ಮಾತ್ರ. ಕಥೆ ಇದು: ಪೂಜೆ ಪುನಸ್ಕಾರದ ಮನೆಯ ಹುಡುಗ ಸತ್ಯ, ಒಂದು ಹೆಣ್ಣಿನ ಮೇಲಿನ ಪ್ರೀತಿಗೆ ಹುಚ್ಚನಾಗಿ ದಾರಿ ತಪ್ಪುತ್ತಾನೆ. ಅಪ್ಪನ ಮುಖ ಇಳಿಯುತ್ತದೆ, ಮನೆ ಒಡೆಯುತ್ತದೆ. ಲಾಂಗು ಹಿಡಿಯುವುದಕ್ಕೆ ಒಂದು ಗಳಿಗೆ ಸಾಕಾಯಿತು, ಬಿಡುವುದಕ್ಕೆ ಇಡೀ ಚಿತ್ರ ಬೇಕಾಯಿತು. ಆ ಹುಡುಗ ಹೊರಬರಲು ಪಡುವ ಪಾಡೇ ಅದರ ತಿರುಳು. ಉಪೇಂದ್ರ ನಿನ್ನ ವಯಸ್ಸಿನವರಿಗೆ ಎಚ್ಚರಿಕೆ ಬರೆದರು. ನೀನು ಎಚ್ಚರಿಕೆಯನ್ನು ಬಿಟ್ಟು ಲಾಂಗನ್ನು ಮಾತ್ರ ಕತ್ತರಿಸಿಕೊಂಡೆ.

ನೀನೊಬ್ಬನೇ ಅಲ್ಲ, ಚಿತ್ರರಂಗವೂ ಹಾಗೇ ಮಾಡಿತು. ‘ಓಂ’ ಗೆದ್ದದ್ದೇ ತಡ, ಲಾಂಗು ಹಿಡಿಯದ ನಾಯಕನೇ ಇಲ್ಲ ಅನ್ನುವ ಕಾಲ ಬಂತು. ‘ಕರಿಯ’ ಬಂತು, ‘ಡೆಡ್ಲಿ ಸೋಮ’ ಬಂತು, ಆಮೇಲೆ ಹೆಸರು ನೆನಪಿಡಲಾಗದಷ್ಟು ಬಂದವು. ‘ಲಾಂಗು ಮಚ್ಚಿನ ಸಿನಿಮಾ’ ಅಂತ ಒಂದು ಜಾತಿಯೇ ಹುಟ್ಟಿಕೊಂಡಿತು. ಕೆಲವರು ಬೀದಿಯ ಸತ್ಯ ಹೇಳಿದರು, ಹೆಚ್ಚಿನವರು ಬೀದಿಯ ರಕ್ತ ಮಾತ್ರ ತೋರಿಸಿದರು. ಎರಡಕ್ಕೂ ಇರುವ ಅಂತರ ತಿಳಿಯುವುದು ಬಲು ಸುಲಭ. ಒಬ್ಬ ಬಿದ್ದ ಮೇಲೆ ಕ್ಯಾಮೆರಾ ಎಲ್ಲಿಗೆ ಹೋಗುತ್ತದೆ ನೋಡು. ಹೊಡೆದವನ ಕಾಲರ್ ಮೇಲೇ ನಿಂತರೆ ಅದು ಪಟಾಕಿ. ಬಿದ್ದವನ ಮನೆಯ ಬಾಗಿಲಿಗೆ ಹೋದರೆ ಅದು ಸಿನಿಮಾ.

‘ಓಂ’ ಬಂದ ಮೂರು ವರ್ಷಕ್ಕೆ, 1998ರ ಜುಲೈಯಲ್ಲಿ, ಹಿಂದಿಯಲ್ಲಿ ರಾಮ್ ಗೋಪಾಲ್ ವರ್ಮಾ ‘ಸತ್ಯಾ’ ಮಾಡಿದರು. ನಮ್ಮ ‘ಓಂ’ ನಾಯಕನ ಹೆಸರೂ ಅದೇ, ಆ ಚಿತ್ರದ ಹೆಸರೂ ಅದೇ. ಮುಂಬಯಿಯ ಮಳೆ, ಚಾಳಿನ ಕತ್ತಲು, ಬೆವರು, ಹೆದರಿಕೆ ಎಲ್ಲ ಅದರಲ್ಲಿ ಕಣ್ಣಿಗೆ ರಾಚುತ್ತದೆ. ಹಿನ್ನೆಲೆ ಸಂಗೀತ ಕೊಟ್ಟ ಸಂದೀಪ್ ಚೌಟ ನಮ್ಮ ಮಂಜೇಶ್ವರದ ಕಡೆಯ ಸಾಹಿತಿ ಡಿ.ಕೆ. ಚೌಟರ ಮಗ. ದೇಶದ ಗ್ಯಾಂಗ್‌ಸ್ಟರ್ ಚಿತ್ರಗಳ ದಾರಿಯನ್ನೇ ಅದು ಬದಲಿಸಿತು. ಅದರಲ್ಲೂ ಒಂದು ತುಂಡು ಎಲ್ಲರ ಫೋನಿನಲ್ಲಿ ಓಡಾಡುತ್ತದೆ. ಮನೋಜ್ ಬಾಜಪೇಯಿ ಮಾಡಿದ ಭೀಕು ಮ್ಹಾತ್ರೆ ಕಡಲ ಪಕ್ಕದ ಬಂಡೆಯ ಮೇಲೆ ನಿಂತು, ಈ ಮುಂಬಯಿಗೆ ದೊರೆ ತಾನೇ ಅಂತ ಕೂಗುತ್ತಾನಲ್ಲ, ಅದು. ಮೈ ಜುಮ್ ಅನ್ನುತ್ತದೆ, ನನಗೂ ಅನ್ನಿಸಿತು. ಬಾಜಪೇಯಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಆದರೆ ಆ ದೊರೆ ಹೇಗೆ ಸಾಯುತ್ತಾನೆ ಗೊತ್ತಾ? ವೈರಿಯ ಕೈಯಲ್ಲಿ ಅಲ್ಲ. ಯಾರಿಗಾಗಿ ದುಡಿದನೋ, ಯಾರ ಚುನಾವಣೆಗೆ ಜೀವ ಪಣಕ್ಕಿಟ್ಟನೋ, ಆ ರಾಜಕಾರಣಿ ಭಾವುನೇ ಅವನ ತಲೆಗೆ ಗುಂಡು ಹಾರಿಸುತ್ತಾನೆ. ಗೆದ್ದ ಸಂಭ್ರಮದ ಹೊತ್ತಿನಲ್ಲೇ, ಯಾವ ಮುನ್ಸೂಚನೆಯೂ ಇಲ್ಲದೆ. ಕಥಾನಾಯಕ ಸತ್ಯನ ಪಾಡೂ ಅಷ್ಟೇ. ಪ್ರೀತಿಸಿದ ಹುಡುಗಿಯ ಮನೆ ಬಾಗಿಲಿನಲ್ಲಿ ಬಿದ್ದು ಸಾಯುತ್ತಾನೆ. ಈ ಎರಡು ತುಂಡನ್ನು ಯಾರೂ ಸ್ಟೇಟಸ್ಸಿಗೆ ಹಾಕುವುದಿಲ್ಲ. ನೀನು ಯಾಕೆ ಹಾಕಲಿಲ್ಲ ಅಂತ ಒಮ್ಮೆ ಯೋಚನೆ ಮಾಡು.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಆ ಲೋಕಕ್ಕೆ ಹೋದರೆ ನೀನು ಭೀಕು ಆಗುವುದಿಲ್ಲ. ಸತ್ಯನೂ ಆಗುವುದಿಲ್ಲ. ಪ್ರತಿ ಚಿತ್ರದಲ್ಲೂ ನಾಯಕನ ಹಿಂದೆ ಬೈಕಿನಲ್ಲಿ ಕೂತ ಒಬ್ಬ ಹುಡುಗ ಇರುತ್ತಾನೆ. ಅವನಿಗೆ ಹೆಸರಿಲ್ಲ, ಮಾತಿಲ್ಲ, ಹಾಡಿಲ್ಲ. ಮೊದಲ ಜಗಳದಲ್ಲೇ ಬೀಳುತ್ತಾನೆ, ನಾವು ಪಾಪ್‌ಕಾರ್ನ್ ತಿನ್ನುತ್ತಾ ಮರೆಯುತ್ತೇವೆ. ಆ ಲೋಕದಲ್ಲಿ ನಿನಗೆ ಕಾದಿರುವ ಪಾತ್ರ ಅದು. ನಾಯಕನ ಪಾತ್ರಕ್ಕೆ ಒಬ್ಬ ಸಾಕು, ಬೀಳುವುದಕ್ಕೆ ದಿನಕ್ಕೊಬ್ಬ ಬೇಕು. ಅದಕ್ಕೇ ನಿನ್ನನ್ನು ಕರೆಯುವುದು.

ಇನ್ನು ‘ಜೋಗಿ’. ಅದು 2005ರದ್ದು, ಪ್ರೇಮ್ ನಿರ್ದೇಶನ, ಶಿವಣ್ಣನದ್ದೇ. ನೀನು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ ಅಂತ ಕುಣಿಯುತ್ತಿದ್ದೀಯಲ್ಲ, ಅದಕ್ಕೆ ಹೇಳುತ್ತೇನೆ. ಹಳ್ಳಿಯ ಹುಡುಗ ಮಾದೇಶ ಅಮ್ಮನಿಗೆ ಬಳೆ ಮಾಡಿಸಬೇಕು ಅಂತ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಏನೋ ಆಗಿ ಏನೋ ಆಗಿ ಕೈಗೆ ರಕ್ತ ಅಂಟುತ್ತದೆ. ಇತ್ತ ಅಮ್ಮ, ಅರುಂಧತಿ ನಾಗ್ ಮಾಡಿದ ಪಾತ್ರ, ಮಗನನ್ನು ಹುಡುಕಿಕೊಂಡು ಆ ಊರಿನ ಬೀದಿ ಬೀದಿ ಅಲೆಯುತ್ತಾಳೆ. ಕೊನೆಗೆ ಅವಳ ಹೆಣದ ಮುಂದೆಯೇ, ಯಾರದ್ದು ಅಂತ ತಿಳಿಯದೆ, ಅವನು ಕುಣಿಯುತ್ತಾನೆ. ತಿಳಿದ ಮೇಲೆ ಅವನು ಅಳುವುದನ್ನು ನೋಡಲಾಗುವುದಿಲ್ಲ. ಆ ಚಿತ್ರ ಓಡಿದ್ದು ತಾಯಂದಿರ ಕಣ್ಣೀರಿನಿಂದ. ಲಾಂಗು ನೋಡಲು ಹೋದ ಹುಡುಗರೂ ಮುಖ ಒರೆಸಿಕೊಳ್ಳುತ್ತಾ ಹೊರಬಂದರು.

ಇದೆಲ್ಲ ಸಿನಿಮಾ, ನಿಜದಲ್ಲಿ ಹೀಗಿರುವುದಿಲ್ಲ ಅನ್ನುತ್ತೀಯಾ? ಹಾಗಾದರೆ 2007ರ ‘ಆ ದಿನಗಳು’ ನೋಡು. ಕೆ.ಎಂ. ಚೈತನ್ಯ ನಿರ್ದೇಶನ, ಇಳಯರಾಜಾ ಸಂಗೀತ, ಚಿತ್ರಕಥೆಯಲ್ಲಿ ಗಿರೀಶ್ ಕಾರ್ನಾಡರ ಕೈ ಇದೆ. ಮೂಲ ಅಗ್ನಿ ಶ್ರೀಧರ್ ಬರೆದ ‘ದಾದಾಗಿರಿಯ ದಿನಗಳು’. ಆ ಲೋಕದೊಳಗೆ ಇದ್ದು, ಹೊರಗೆ ಬಂದು, ಪೆನ್ನು ಹಿಡಿದವರು ಬರೆದದ್ದು. ಬೆಂಗಳೂರೇ ಹೆದರುತ್ತಿದ್ದ ಜಯರಾಜ್, ಕೊತ್ವಾಲ್ ರಾಮಚಂದ್ರ ಇಬ್ಬರೂ ಅದರಲ್ಲಿದ್ದಾರೆ. ನಿಜ ಜೀವನದಲ್ಲಿ ಕೊತ್ವಾಲ್ 1986ರಲ್ಲಿ ಕೊಲೆಯಾದ, ಜಯರಾಜ್ 1989ರಲ್ಲಿ ಕೊಲೆಯಾದ. ಆ ಲೋಕದ ಕಥೆ ಉಳಿದು ಬಂದದ್ದು ಹೊರಬಂದವರ ಪುಸ್ತಕದಲ್ಲಿ. ದಾದಾಗಿರಿಯಲ್ಲಿ ಮೊಮ್ಮಕ್ಕಳಿಗೆ ಕಥೆ ಹೇಳುವಷ್ಟು ಬದುಕಬೇಕಾದರೆ ಮೊದಲು ದಾದಾಗಿರಿ ಬಿಡಬೇಕು.

ಹೋಗಲಿ, ಪಾತ್ರ ಬೇಡ, ಪಾತ್ರ ಮಾಡಿದವರನ್ನು ನೋಡು. ‘ಟಗರು’ 2018ರಲ್ಲಿ ಬಂದಾಗ ನಿಮ್ಮ ಗುಂಪಿನವರೆಲ್ಲ ನಾಯಕನನ್ನು ಬಿಟ್ಟು ಖಳನಾಯಕ ಡಾಲಿಯ ಹಿಂದೆ ಬಿದ್ದಿರಿ. ಆ ನಟನ ಹೆಸರೇ ಡಾಲಿ ಧನಂಜಯ ಆಗಿಹೋಯಿತು. ಆ ಧನಂಜಯ ಅರಸೀಕೆರೆ ಕಡೆಯ ಹಳ್ಳಿಯ ಹುಡುಗ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ, ಇನ್ಫೋಸಿಸ್‌ನಲ್ಲಿ ಕೆಲಸ ಮಾಡಿದ, ರಂಗದ ಮೇಲೆ ಬೆವರು ಹರಿಸಿದ, ಸೋತ ಚಿತ್ರಗಳ ಸಾಲು ದಾಟಿ ಅಲ್ಲಿಗೆ ಬಂದ. ‘ದುನಿಯಾ’ ವಿಜಯ್ ನಾಯಕನಾಗುವ ಮೊದಲು ಸಾಹಸದ ಗುಂಪಿನಲ್ಲಿ, ಚಿಕ್ಕ ಚಿಕ್ಕ ಪಾತ್ರಗಳಲ್ಲಿ ಪೆಟ್ಟು ತಿಂದೇ ಬೆಳೆದವರು. ‘ಕೆಜಿಎಫ್’ನಲ್ಲಿ ತಣ್ಣಗೆ ಸಂಚು ಹೂಡುವ ಪಾತ್ರ ಮಾಡಿದ ಅಚ್ಯುತ್ ಕುಮಾರ್ ನಿನ್ನ ಮನೆಯಿಂದ ಬಸ್ಸಿನ ದಾರಿಯಷ್ಟು ದೂರದ ಹೆಗ್ಗೋಡಿನಲ್ಲಿ ನಟನೆ ಕಲಿತವರು. ಇವರೆಲ್ಲ ತೆರೆಯ ಮೇಲೆ ಲಾಂಗು ಹಿಡಿಯುವುದಕ್ಕೆ ತೆರೆಯ ಹಿಂದೆ ಹೇಳಿದ ಹೊತ್ತಿಗೆ ಬಂದರು, ಹೇಳಿದ ಕೆಲಸ ಕಲಿತರು. ಅವರನ್ನು ಅನುಕರಿಸುವುದಾದರೆ ಅದನ್ನು ಅನುಕರಿಸು. ಬೆಳಿಗ್ಗೆ ಬೇಗ ಏಳುವುದರಿಂದ ಶುರು ಮಾಡಬಹುದು.

ಇನ್ನು ಕತ್ತಿಯ ವಿಷಯ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಕತ್ತಿ ಇಲ್ಲದ ರೈತರ ಮನೆ ತೋರಿಸು ನೋಡೋಣ. ಸೊಂಟಕ್ಕೆ ಕೊಕ್ಕೆ ಕಟ್ಟಿ, ಕತ್ತಿ ಸಿಕ್ಕಿಸಿಕೊಂಡು ಸೊಪ್ಪಿನ ಬೆಟ್ಟಕ್ಕೆ ಹೋದವರ ಮೊಮ್ಮಗ ನೀನು. ಆ ಕತ್ತಿಯನ್ನು ಯಾರಾದರೂ ಎತ್ತಿ ತೋರಿಸಿದ್ದು ನೋಡಿದ್ದೀಯಾ? ನಮ್ಮ ಕೊನೆಗಾರನನ್ನು ಒಮ್ಮೆ ನಿಂತು ನೋಡು. ಮಂಜು ಇನ್ನೂ ಆರಿರುವುದಿಲ್ಲ, ಮರ ಜಾರುತ್ತಿರುತ್ತದೆ. ಅವನು ತುದಿಯವರೆಗೆ ಹತ್ತಿ, ಒಂದು ಕೈಯಲ್ಲಿ ಮರ ಅಪ್ಪಿ, ಇನ್ನೊಂದು ಕೈಯಲ್ಲಿ ಕೊನೆ ಕೊಯ್ದು, ಅದನ್ನು ಹಗ್ಗದ ಮೇಲೆ ಜಾರಿಸಿಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದವನ ಕೈಗೆ ಅದು ಬರುತ್ತದೆ, ಒಂದು ಕಾಯಿ ಉದುರುವುದಿಲ್ಲ. ಇಳಿಯದೆಯೇ ಪಕ್ಕದ ಮರವನ್ನು ಎಳೆದು ಹಿಡಿದು ಅದಕ್ಕೆ ದಾಟುತ್ತಾನೆ. ಐವತ್ತು ಅಡಿ ಎತ್ತರದಲ್ಲಿ, ಹರಿತ ಕತ್ತಿ ಇಟ್ಟುಕೊಂಡು. ಸಂಜೆ ಕೂಲಿ ಎಣಿಸಿಕೊಂಡು, ಎಲೆ ಅಡಿಕೆ ಹಾಕಿ, ತಲೆ ತಗ್ಗಿಸಿ ಮನೆಗೆ ಹೋಗುತ್ತಾನೆ. ರಾತ್ರಿ ದೀಪದ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರ ಬೆರಳು ನೋಡು. ಅಲಗಿಗೂ ಬೆರಳಿಗೂ ಕೂದಲೆಳೆ ಅಂತರ. ಮಾತಾಡುತ್ತಾ, ನಗುತ್ತಾ ಡಬ್ಬಗಟ್ಟಲೆ ಸುಲಿಯುತ್ತಾರೆ. ಎದೆಗಾರಿಕೆ ಅಂದರೆ ಅದು. ಕತ್ತಿ ಹಿಡಿದು ಕನ್ನಡಿ ಮುಂದೆ ನಿಲ್ಲುವುದಕ್ಕೆ ಏನೂ ಬೇಕಾಗಿಲ್ಲ.

ಈಗ ಹುಟ್ಟುಹಬ್ಬಕ್ಕೆ ಲಾಂಗಿನಿಂದ ಕೇಕು ಕತ್ತರಿಸುವ ಚಟ ಶುರುವಾಗಿದೆ. ಚಾಕು ಸಾಲದೇ ಕೇಕಿಗೆ? ಅದನ್ನು ವಿಡಿಯೋ ಮಾಡಿ ನೀವೇ ಹಾಕುತ್ತೀರಿ, ಪೊಲೀಸರಿಗೆ ಸಾಕ್ಷಿ ಹುಡುಕುವ ಕೆಲಸವೂ ಉಳಿಯುವುದಿಲ್ಲ. 1959ರ ಆಯುಧ ಕಾಯ್ದೆ ತಮಾಷೆ, ರೀಲ್ಸ್ ಅಂತ ವಿನಾಯಿತಿ ಕೊಡುವುದಿಲ್ಲ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಟೀವಿಯಿಂದ ಹೆಸರು ಮಾಡಿದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಜೈಲು ನೋಡಿ ಬಂದರು. ಅವರಿಗೆ ದೊಡ್ಡ ವಕೀಲರು ಸಿಕ್ಕರು. ನಿನ್ನ ಅಪ್ಪ ವಕೀಲರಿಗೆ ಕೊಡುವುದು ಈ ವರ್ಷದ ಅಡಿಕೆಯ ದುಡ್ಡು. ಕೊಳೆರೋಗ ತಿಂದು, ಎಲೆಚುಕ್ಕಿ ತಿಂದು ಮಿಕ್ಕಿದ್ದು.

ರೌಡಿ ಶೀಟ್ ಅಂದರೆ ಏನು ಅಂತ ನಿನಗೆ ಸರಿಯಾಗಿ ಗೊತ್ತಿಲ್ಲ. ಅದೊಂದು ಬಿರುದು ಅಂದುಕೊಂಡಿದ್ದೀಯ. ಠಾಣೆಯ ಪುಸ್ತಕದಲ್ಲಿ ಹೆಸರು ಸೇರಿದರೆ ಚುನಾವಣೆ ಬಂದಾಗ ಕರೆ, ಗಣಪತಿ ಹಬ್ಬ ಬಂದಾಗ ಕರೆ. ಊರಿಗೆ ಊರೇ ಮಾರಿಕಾಂಬಾ ಜಾತ್ರೆಯ ಸಡಗರದಲ್ಲಿದ್ದರೆ ನೀನು ಠಾಣೆಯ ಅಂಗಳದಲ್ಲಿ ಸಾಲಾಗಿ ನಿಂತಿರುತ್ತೀಯ. ಎಲ್ಲೋ ಏನೋ ಆದರೆ ಮೊದಲು ನಿನ್ನ ಮನೆಯ ಬಾಗಿಲು ಬಡಿಯುತ್ತಾರೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಪೊಲೀಸ್ ಪರಿಶೀಲನೆ, ಸರ್ಕಾರಿ ಕೆಲಸ ಸಿಕ್ಕರೂ ಪರಿಶೀಲನೆ. ಹೆಣ್ಣು ಕೊಡುವವರ ಪರಿಶೀಲನೆ ಪೊಲೀಸರದ್ದಕ್ಕಿಂತ ಜೋರು. ಇನ್ನೂ ಮುಂದೆ ಹೋದರೆ ಗೂಂಡಾ ಕಾಯ್ದೆ ಇದೆ, 1985ರದ್ದು. ಒಂದು ವರ್ಷದವರೆಗೂ ಒಳಗೆ ಇಡಬಹುದು. ಹೆಸರು ಸೇರುವುದಕ್ಕೆ ಒಂದು ಸಂಜೆಯ ಜಗಳ ಸಾಕು, ತೆಗೆಸುವುದಕ್ಕೆ ವರ್ಷಗಟ್ಟಲೆ ಅಲೆಯಬೇಕು.

ಅಲೆಯುವವರು ಯಾರು ಅಂತಲೂ ಹೇಳಿಬಿಡುತ್ತೇನೆ. ಒಂದು ಕೋರ್ಟಿನ ಜಗುಲಿಯಲ್ಲಿ ಒಬ್ಬ ತಾಯಿಯನ್ನು ನೋಡಿದ್ದೇನೆ, ಹಳ್ಳಿಯ ಹೆಂಗಸು. ಮೊದಲ ಬಸ್ಸಿಗೆ ಬಂದಿದ್ದಳು. ಮಡಿಲಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಮಗನಿಗೆ ಒಗ್ಗರಣೆ ಅವಲಕ್ಕಿ. ಮಗನನ್ನು ವ್ಯಾನಿನಿಂದ ಇಳಿಸಿದರು, ಒಳಗೆ ಕರೆದುಕೊಂಡು ಹೋದರು, ಸ್ವಲ್ಪ ಹೊತ್ತಿಗೆ ಹೊರಗೆ ತಂದು ಮತ್ತೆ ವ್ಯಾನು ಹತ್ತಿಸಿದರು. ಮುಂದಿನ ತಾರೀಕು ಸಿಕ್ಕಿತ್ತು, ಅಷ್ಟೇ. ಡಬ್ಬಿ ಕೊಡಲು ಎದ್ದವಳಿಗೆ ಪೊಲೀಸಿನವನು ಕೈ ಅಡ್ಡ ಹಿಡಿದ. ಅವಳು ಜಗಳ ಮಾಡಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿ, ಸೆರಗಿನ ಗಂಟು ಬಿಚ್ಚಿ ಬಸ್ಸಿನ ದುಡ್ಡು ಎಣಿಸಿದಳು. ಆ ಹುಡುಗನನ್ನು ಜಗಳಕ್ಕೆ ಕರೆದುಕೊಂಡು ಹೋದ ‘ಅಣ್ಣ’ ಆ ದಿನ ಕೋರ್ಟಿನ ಹತ್ತಿರವೂ ಸುಳಿಯಲಿಲ್ಲ.

ಈ ‘ಅಣ್ಣ’ಂದಿರ ಬಗ್ಗೆ ಎಚ್ಚರ. ಅವರು ರೌಡಿಯ ವೇಷದಲ್ಲಿ ಬರುವುದಿಲ್ಲ. ಮೊದಲು ಚಹಾ ಕುಡಿಸುತ್ತಾರೆ. ಆಮೇಲೆ ಬೈಕಿಗೆ ಪೆಟ್ರೋಲ್ ಹಾಕಿಸುತ್ತಾರೆ. ನಿನ್ನ ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟಿಸುತ್ತಾರೆ. ‘ಏನೇ ಆದರೂ ನಾನಿದ್ದೇನೆ’ ಅನ್ನುತ್ತಾರೆ. ಒಂದು ದಿನ ‘ಸುಮ್ಮನೆ ಬಂದು ಪಕ್ಕದಲ್ಲಿ ನಿಂತುಕೋ, ಸಾಕು’ ಅನ್ನುತ್ತಾರೆ. ಸುಮ್ಮನೆ ನಿಂತವನ ಹೆಸರೂ ಎಫ್‌ಐಆರ್‌ನಲ್ಲಿ ಬರುತ್ತದೆ. ಬಿಟ್ಟಿ ಚಹಾ ಕುಡಿಯುವ ಮುಂಚೆ ಯೋಚಿಸು. ನಿನ್ನಿಂದ ಏನೂ ಬೇಡದವನು ನಿನಗೆ ಯಾಕೆ ಕುಡಿಸುತ್ತಾನೆ? ಕರೆ ಬಂದಾಗ ಹೋಗದೆ ಇರುವುದಕ್ಕೆ ನೆಪ ಬೇಕಾದರೆ ನನ್ನ ಹೆಸರು ಹೇಳು. ‘ಮನೆಯಲ್ಲಿ ಮುದುಕರಿಗೆ ಹುಷಾರಿಲ್ಲ’ ಅನ್ನು. ನನಗೆ ಬೇಜಾರಿಲ್ಲ.

ಮತ್ತೆ ಸಿಟ್ಟು. ಎಳ್ಳಮಾವಾಸ್ಯೆ ಜಾತ್ರೆಗೆ ಹೋದಾಗ ಯಾರದೋ ಭುಜ ತಾಗುತ್ತದೆ, ಕ್ರಿಕೆಟ್ ಆಡುವಾಗ ಯಾರೋ ಒಂದು ಮಾತು ಅನ್ನುತ್ತಾರೆ. ಹುಡುಗಿಯರ ಎದುರು ಆ ಮಾತು ಬಂದರೆ ಮುಗಿಯಿತು, ನಿನ್ನ ಕಿವಿ ಕೆಂಪಾಗುತ್ತದೆ. ಸುಮ್ಮನೆ ಬಂದರೆ ಮರ್ಯಾದೆ ಹೋಯಿತು ಅನ್ನಿಸುತ್ತದೆ. ಎಷ್ಟೋ ಮನೆಗಳ ಕಥೆ ನೋಡಿ ಹೇಳುತ್ತಿದ್ದೇನೆ: ಮಾತಿಗೆ ಹೋದ ಮರ್ಯಾದೆ ವಾರದಲ್ಲಿ ವಾಪಸು ಬರುತ್ತದೆ, ಕೈಯೆತ್ತಿ ಕಳೆದುಕೊಂಡದ್ದು ಬರುವುದಿಲ್ಲ. ಸಿಟ್ಟು ಬಂದಾಗ ಮೊದಲು ಜಾಗ ಬಿಡು. ತುಂಗೆಯ ದಂಡೆಗೆ ಹೋಗಿ ಕಾಲು ಇಳಿಬಿಟ್ಟು ಕೂತು ಬಾ. ರಾತ್ರಿ ಮೆಸೇಜಿಗೆ ಉತ್ತರ ಕೊಡಬೇಡ, ಬೆಳಿಗ್ಗೆ ಕೊಡು. ಬೆಳಗಾಗುವ ಹೊತ್ತಿಗೆ ಮುಕ್ಕಾಲು ಪಾಲು ಜಗಳಕ್ಕೆ ಕಾರಣವೇ ನೆನಪಿರುವುದಿಲ್ಲ. ಪಕ್ಕದಲ್ಲಿ ‘ಬಿಡಬೇಡ ಮಗಾ’ ಅಂತ ಉಬ್ಬಿಸುವ ಗೆಳೆಯ ಇದ್ದರೆ ಅವನ ಕೈಗೆ ನೋಡು. ಅದು ಯಾವಾಗಲೂ ಜೇಬಿನಲ್ಲಿರುತ್ತದೆ.

ಹಾಗಾದರೆ ಅನ್ಯಾಯ ಕಂಡರೆ ಬಾಯಿ ಮುಚ್ಚಿಕೊಂಡಿರಬೇಕಾ ಅಂತ ಕೇಳುತ್ತೀಯ. ಬೇಡ. ಈ ನೆಲ ಅದನ್ನು ಕಲಿಸಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಭತ್ತ ಅಳೆಯುವ ಕೊಳಗದಲ್ಲೇ ಮೋಸ, ಅಳತೆ ಸರಿಮಾಡಿ ಅಂತ ಕೇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು. ಯೋಚಿಸು, ಆ ಒಬ್ಬೊಬ್ಬ ರೈತನ ಮನೆಯಲ್ಲೂ ಕತ್ತಿ ಇತ್ತು. ಕತ್ತಿ ಮನೆಯಲ್ಲಿ ಬಿಟ್ಟು ಗದ್ದೆಗೆ ಇಳಿದರು. ಪೊಲೀಸರು ಅವರನ್ನು ಹಿಡಿದುಕೊಂಡು ಹೋದರೆ ಮರುದಿನ ಇನ್ನೊಂದು ತಂಡ ಇಳಿಯಿತು. ಮುಂದೆ 1974ರಲ್ಲಿ ದೇವರಾಜ ಅರಸರ ಕಾಲಕ್ಕೆ ಭೂಸುಧಾರಣೆ ಜಾರಿಗೆ ಬಂದು ಉಳುವವನಿಗೆ ಭೂಮಿ ಸಿಕ್ಕಿತಲ್ಲ, ಅದರ ಬೇರು ಈ ಕಾಗೋಡಿನಲ್ಲಿದೆ.

ಗೋಪಾಲಗೌಡರು ತೀರ್ಥಹಳ್ಳಿಯ ಆರಗದ ಬಡ ಮನೆಯ ಹುಡುಗ. ಅವರ ಸಿಟ್ಟಿನ ಮುಂದೆ ನಿನ್ನ ಸಿಟ್ಟು ಏನೂ ಅಲ್ಲ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಜೈಲು ಕಂಡವರು. ಆ ಸಿಟ್ಟನ್ನು ಹತ್ತು ಜನರ ಬೆನ್ನಿಗೆ ನಿಲ್ಲಿಸಿದರು, ಒಬ್ಬನ ತಲೆಗೆ ಎತ್ತಲಿಲ್ಲ. ಜನ ಅವರನ್ನು 1952ರಲ್ಲಿ ಸಾಗರ, ಹೊಸನಗರ ಸೇರಿದ ಕ್ಷೇತ್ರದಿಂದ, ಆಮೇಲೆ 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ವಿಧಾನಸಭೆಗೆ ಕಳಿಸಿದರು. 1972ರಲ್ಲಿ, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಇವತ್ತಿಗೂ ಈ ಮೂರು ತಾಲ್ಲೂಕಿನಲ್ಲಿ ಅವರ ಹೆಸರು ಹೇಳಿದರೆ ಕೂತ ಹಿರಿಯರು ನೆಟ್ಟಗೆ ಕೂರುತ್ತಾರೆ. ಯಾವ ರೌಡಿಯ ಹೆಸರಿಗೆ ಹಾಗೆ ಕೂರುತ್ತಾರೆ ಹೇಳು. ರೌಡಿಯ ಹೆಸರು ಹೇಳಿದರೆ ದನಿ ತಗ್ಗಿಸುತ್ತಾರೆ, ಅದು ಗೌರವ ಅಲ್ಲ.

ಕೊನೆಗೊಂದು ಮಾತು, ಇದು ನನ್ನ ಆಸೆಯೂ ಹೌದು. ನಿನಗೆ ಚಿತ್ರದ ಹುಚ್ಚು ಇದೆ, ಕಣ್ಣು ಚುರುಕಿದೆ. ಯಾವ ದೃಶ್ಯಕ್ಕೆ ಯಾವ ಸಂಗೀತ ಹೊಂದುತ್ತದೆ ಅಂತ ನಿನ್ನ ಆ ಸ್ಟೇಟಸ್ಸಿನಲ್ಲೇ ಗೊತ್ತಾಗುತ್ತದೆ. ಆ ಹುಚ್ಚನ್ನು ದುಡಿಮೆಗೆ ಹಚ್ಚು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಹುಡುಗನೊಬ್ಬ ಫಾರ್ಮಸಿ ಓದಿ, ಅದನ್ನು ಬಿಟ್ಟು ಪುಣೆಗೆ ಹೋಗಿ ಸಿನಿಮಾ ಕಲಿತ. ಅವರೇ ಗಿರೀಶ ಕಾಸರವಳ್ಳಿ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಹೀಗೆ ನಾಲ್ಕು ಸಲ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ತಂದರು. ‘ದ್ವೀಪ’ದ ಕಾದಂಬರಿ ಬರೆದವರು ಸಾಗರದ ನಾ. ಡಿಸೋಜ, ಶರಾವತಿಯ ಮುಳುಗಡೆಯ ಸಂಕಟವನ್ನು ಬದುಕಿಡೀ ಬರೆದವರು. ‘ತಬರನ ಕಥೆ’ ನೋಡು. ಅದರಲ್ಲಿ ಒಂದು ಹೊಡೆತ ಇಲ್ಲ, ಒಂದು ತೊಟ್ಟು ರಕ್ತ ಬೀಳುವುದಿಲ್ಲ. ಬರಬೇಕಾದ ಪಿಂಚಣಿಗಾಗಿ ಒಬ್ಬ ಮುದುಕ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ನೋಡಿ ಮುಗಿಸುವ ಹೊತ್ತಿಗೆ ನಿನ್ನ ರಕ್ತ ‘ಓಂ’ ನೋಡಿದ್ದಕ್ಕಿಂತ ಹೆಚ್ಚು ಕುದಿಯುತ್ತದೆ. ಆ ಕುದಿತಕ್ಕೆ ಒಂದು ಕೆಲಸ ಕೊಡು.

ಗ್ಯಾಂಗ್‌ಸ್ಟರ್ ಚಿತ್ರವನ್ನೇ ಮಾಡುತ್ತೇನೆ ಅಂದರೆ ಮಾಡು, ನಾನು ತಡೆಯುವುದಿಲ್ಲ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ‘ಅಣ್ಣ’ನ ಚಹಾ ಕುಡಿಯುವಲ್ಲಿಂದ ಶುರು ಮಾಡಿ, ಅವನ ಅಮ್ಮ ಕೋರ್ಟಿನ ಜಗುಲಿಗೆ ಬರುವವರೆಗೆ ತೋರಿಸು. ಊರಿನವರೆಲ್ಲ ಕೊನೆಯವರೆಗೂ ಕೂತು ನೋಡುತ್ತಾರೆ. ಮೊದಲ ದಿನ ಮುಂದಿನ ಸಾಲಿನಲ್ಲಿ ನಾನೇ ಕೂರುತ್ತೇನೆ. ಆ ಕಥೆಯನ್ನು ಬರೆಯುವವನಾಗು ಮಗನೇ, ಅದರೊಳಗೆ ಹೆಸರಿಲ್ಲದೆ ಬೀಳುವವನಾಗಬೇಡ.